ಸಡಿಲ ಕಟ್ಟಿದ ಬೀಡಿ

“ನೂಲು ಸಡಿಲ ಉಂಟಲ್ಲ ಸುಜಾತ!”

ಅತ್ತೆಯ ದನಿ ಕೇಳಿ ಅಡುಗೆಮನೆಯಿಂದ ಓಡಿ ಬಂದೆ. ಮಾವ ತೀರಿಹೋದ ಮೇಲೆ ಅವರು ಮಾತೇ ಬಿಟ್ಟಿದ್ದರು. ನೆರಿಯ ಗ್ರಾಮದ ನಮ್ಮ ವಾರ್ಡಿನ ಪಂಚಾಯತ್ ಸದಸ್ಯೆ ಸುಜಾತಕ್ಕ, ಅತ್ತೆಯ ವಿಧವಾ ವೇತನ ಮಂಜೂರಾದ ಸುದ್ದಿ ಹೇಳಲು ಬಂದವರು, ಪಕ್ಕದಲ್ಲೇ ಕುಳಿತು ಬೀಡಿ ಕಟ್ಟುತ್ತಿದ್ದರು. ಸದಸ್ಯೆಯಾದರೂ ಆ ಕೆಲಸ ಬಿಟ್ಟವರಲ್ಲ. ಚಿಕ್ಕಂದಿನಲ್ಲಿ ಅವರಿಗೆ ಅದನ್ನು ಕಲಿಸಿದ್ದೇ ಅತ್ತೆ.

ಅತ್ತೆ ಬೀಡಿಯ ಮೊರ, ಆ ತಡ್ಪೆಯನ್ನು ಮಡಿಲಿಗೆ ಎಳೆದುಕೊಂಡು, ಬೈಯುತ್ತಲೇ ಒಂದೊಂದನ್ನೂ ಬಿಚ್ಚಿ ಬಿಗಿಯಾಗಿ ಕಟ್ಟಿದರು.

ಹೊರಡುವಾಗ ಸುಜಾತಕ್ಕ ಅಂಗಳದಲ್ಲಿ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: “ನಾಳೆಯೂ ಬರ್ತೇನೆ. ಸಡಿಲವೇ ಕಟ್ತೇನೆ.”

ಈಗ ಮಧ್ಯಾಹ್ನವಾದರೆ ಜಗಲಿಯಿಂದ ಅತ್ತೆಯ ಬೈಗುಳ ಕೇಳಿಸುತ್ತದೆ. ಅದು ನಿಂತುಬಿಟ್ಟೀತೆಂದು ನಾನು ಪಾತ್ರೆಗಳನ್ನೂ ಸದ್ದಾಗದಂತೆ ತೊಳೆಯುತ್ತೇನೆ.