ಬಾಗೇವಾಡಿಯ ಖಾಲಿ ಚೀಟಿ

ಇಡೀ ರಾಜ್ಯದ ಸಾಲಿ ಮಾಸ್ತರರಿಗೆಲ್ಲ ಒಬ್ಬ ಅಧ್ಯಕ್ಷನನ್ನು ಆರಿಸುವ ಚುನಾವಣೆಯಲ್ಲಿ ನಾನು ಒಮ್ಮೆ ಓಟು ಹಾಕಿದ್ದೇನೆ. ಹಾಕಿದ್ದೇನೆ ಎನ್ನುವುದು ಪೂರ್ತಿ ನಿಜವಲ್ಲ, ಅದನ್ನು ಹೇಳಲೆಂದೇ ಕೂತಿದ್ದೇನೆ. ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದು ಇನ್ನೂ ಹೊಸತು, ಸಾಲಿಯ ಹಳೆಯ ಕಾಗದಗಳ ಮೇಲೆ ಮೈಸೂರು ರಾಜ್ಯ ಎಂದೇ ಇರುತ್ತಿತ್ತು. ನಾನು ಇಂಡಿ ತಾಲೂಕಿನ ಹೊರ್ತಿಯಲ್ಲಿ ಪ್ರಾಥಮಿಕ ಶಾಲೆಯ ಅಕ್ಕೋರು. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದೆ. ಅಕ್ಷರ ದುಂಡಗಿದ್ದವು, ಸಿಟ್ಟು ಮೂಗಿನ ಮೇಲೇ ಇತ್ತು.

ಆ ಚುನಾವಣೆಗೆ ನಿಂತವರು ನಮ್ಮ ಹೆಡ್‌ಮಾಸ್ತರರು. ಕುರಿ ಕಾಯುವ ಮನೆತನದವರು, ಅವರ ಮನೆಯಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ದಾಟಿದ ಮೊದಲ ಮನುಷ್ಯ. ಸಂಘದ ಅಧ್ಯಕ್ಷನ ಕುರ್ಚಿ ಯಾವಾಗಲೂ ಬೆಂಗಳೂರು, ಮೈಸೂರು ಕಡೆಯವರ ಪಾಲಿಗೇ ಹೋಗುತ್ತಿತ್ತು. ಹೊರ್ತಿಯ ಮಾಸ್ತರನೊಬ್ಬ ಅದಕ್ಕೆ ಕೈ ಹಾಕುತ್ತಾನೆ ಎಂದಾಗ ಇಂಡಿಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಮ್ಮವರೇ ನಕ್ಕರು. ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು. ನಿಂತರೆ ಇದೊಂದೇ ಸಲ ನಿಲ್ಲಬೇಕು, ಮುಂದಿನ ಚುನಾವಣೆಯ ಹೊತ್ತಿಗೆ ಅವರು ಮಾಸ್ತರರೇ ಆಗಿರುತ್ತಿರಲಿಲ್ಲ.

ಅವರು ನಿಂತದ್ದಕ್ಕೆ ಕಾರಣವಿತ್ತು, ಅದು ನನ್ನ ಕಣ್ಣೆದುರಿಗೇ ಹುಟ್ಟಿತ್ತು. ಹಿಂದಿನ ವರ್ಷ ಹುಡುಗರ ಪರೀಕ್ಷೆ ತೆಗೆದುಕೊಳ್ಳಲು ನಾವಿಬ್ಬರೂ ನಮ್ಮ ತಾಲೂಕಿನದೇ ಒಂದು ಸಣ್ಣ ಹಳ್ಳಿಗೆ ಹೋಗಿದ್ದೆವು. ಊರಿನ ಹೆಸರು ಬೇಡ, ಅಂಥ ಊರು ಆಗ ಎಷ್ಟೋ ಇದ್ದವು. ಅಲ್ಲಿ ಸಾಲಿಗೆ ಕಟ್ಟಡವಿರಲಿಲ್ಲ. ಹಣಮಪ್ಪನ ಗುಡಿಯೇ ಸಾಲಿ. ಒಳಗೆ ಒಂದರಿಂದ ನಾಲ್ಕನೆಯ ಇಯತ್ತೆಯವರೆಗಿನ ಹುಡುಗರು, ಹೊರಗೆ ಕಟ್ಟೆಯ ಮೇಲೆ ಗುಡಿಯೊಳಗೆ ಕಾಲಿಡಲು ಊರು ಬಿಡದ ಕೇರಿಯ ಮಕ್ಕಳು. ಕಪ್ಪು ಹಲಗೆಯನ್ನು ಅವರು ಬಾಗಿಲೊಳಗಿಂದಲೇ ನೋಡಬೇಕು. ಮಾಸ್ತರ ಹಲಗೆಗೆ ಅಡ್ಡ ನಿಂತರೆ ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ನಾನೂ ಅದನ್ನು ನೋಡಿದೆ, ಮತ್ತು ಹೇಳಲು ನಾಚಿಕೆಯಾಗುತ್ತದೆ, ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಚಿಕ್ಕಂದಿನಿಂದ ಕಂಡದ್ದೇ ತಾನೆ.

ಹೆಡ್‌ಮಾಸ್ತರರು ತಿರುಗಿ ಬರುವ ಬಸ್ಸಿನಲ್ಲಿ ಹೊರ್ತಿ ಹತ್ತಿರ ಬಂದಾಗ ಅಂದರು: "ಸರಕಾರದ ಸಾಲಿ ಅಂತೇವಿ, ಗುಡಿಯಾಗ ನಡಸ್ತೇವಿ. ಹೊರಗ ಕುಂತಾವಲ್ಲ ಅಕ್ಕೋರ, ಅವು ಯಾವ ಸರಕಾರದ ಹುಡುಗೂರು?"

ಅದಾದ ಮೇಲೆ ಮೇಲಿನವರಿಗೆ ಅರ್ಜಿ ಬರೆದರು, ಉತ್ತರ ಬರಲಿಲ್ಲ. ಮತ್ತೆ ಬರೆದರು. ಹಳ್ಳಿ ಮಾಸ್ತರನ ಅರ್ಜಿಯನ್ನು ಯಾರು ಓದುತ್ತಾರೆ? ಸಂಘದ ಅಧ್ಯಕ್ಷನಾದರೆ ಮಂತ್ರಿಯ ಎದುರಿಗೇ ಕೂತು ಕೇಳಬಹುದು. ಹಾಗೆ ಅವರು ಚುನಾವಣೆಗೆ ನಿಂತರು. ಅವರು ಕೊಟ್ಟ ಮಾತು ಒಂದೇ: ರಾಜ್ಯದಲ್ಲಿ ಯಾವ ಸಾಲಿಯೂ ಗುಡಿಯಲ್ಲಿ ನಡೆಯಬಾರದು, ಎಲ್ಲ ಮಕ್ಕಳೂ ಒಂದೇ ಸೂರಿನ ಕೆಳಗೆ ಕೂಡಬೇಕು. ಎದುರಾಳಿ ಪಗಾರದ ಮಾತಾಡಿದ, ವರ್ಗಾವಣೆಯ ಮಾತಾಡಿದ. ನಮ್ಮವರು ಗುಡಿ ಬಿಟ್ಟು ಬೇರೆ ಮಾತಾಡಲಿಲ್ಲ.

ಓಟು ಎಲ್ಲ ಮಾಸ್ತರರಿಗೂ ಇರಲಿಲ್ಲ. ಪ್ರತಿ ತಾಲೂಕಿನಿಂದ ಮೂವರು ಪ್ರತಿನಿಧಿಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿಗೆ ಸೇರಿ ಹನ್ನೆರಡು ಜನ, ಬಾಗೇವಾಡಿಯಲ್ಲಿ ಒಂದೇ ಪೆಟ್ಟಿಗೆ. ಹೆಣ್ಣುಮಗಳೊಬ್ಬಳು ಇರಲಿ ಎಂದು ಇಂಡಿಯ ಮೂವರಲ್ಲಿ ನನ್ನ ಹೆಸರು ಸೇರಿಸಿದವರು ಹೆಡ್‌ಮಾಸ್ತರರೇ. ಹನ್ನೆರಡರಲ್ಲಿ ಸೀರೆಯುಟ್ಟವಳು ನಾನೊಬ್ಬಳೇ.

ನಮ್ಮ ಕಡೆ ಕೇಳುವುದಕ್ಕೊಂದು ರೀತಿಯಿದೆ. ಮದುವೆಯಿರಲಿ, ಓಟಿರಲಿ, ಮನೆಗೆ ಹೋಗಿ, ಕೈಯಲ್ಲಿ ಎಲೆ ಅಡಿಕೆ ಕೊಟ್ಟು, ಬಾಯಿಬಿಟ್ಟು ಕೇಳಬೇಕು. ಹೆಡ್‌ಮಾಸ್ತರರು ರಜೆಯ ದಿನಗಳಲ್ಲೆಲ್ಲ ಬಸ್ಸು ಹತ್ತಿ ಸಿಂದಗಿಗೆ, ಮುದ್ದೇಬಿಹಾಳಕ್ಕೆ ಹೋಗಿ ಒಬ್ಬೊಬ್ಬರ ಮನೆಯ ಹೊಸ್ತಿಲಲ್ಲೂ ಎಲೆ ಅಡಿಕೆ ಕೊಟ್ಟು ಬಂದರು. ಅದಕ್ಕೂ ಮೊದಲು ಪ್ರತಿಯೊಬ್ಬರಿಗೂ ಒಂದೊಂದು ಪತ್ರ. ಅವುಗಳನ್ನು ಬರೆದವಳು ನಾನು. "ತಮ್ಮ ಅಮೂಲ್ಯವಾದ ಮತವನ್ನು" ಎಂದು ಹನ್ನೊಂದು ಸಲ ದುಂಡಗೆ ಬರೆದೆ. ನನ್ನ ಹೆಸರಿನ ಹನ್ನೆರಡನೆಯ ಪತ್ರ ಯಾರೂ ಬರೆಸಲಿಲ್ಲ. ನನ್ನ ಅಣ್ಣನ ಮನೆ ಅವರ ಮನೆಯಿಂದ ಎರಡು ಓಣಿ ದಾಟಿದರೆ ಸಿಗುತ್ತಿತ್ತು, ಎಲೆ ಅಡಿಕೆ ಅಲ್ಲಿಗೆ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಪಾಠ ಹೇಳುವವಳು ನಾನು, ನನ್ನನ್ನು ಬಾಯಿಮಾತಿಗೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಇವತ್ತು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಕಾದೆ. ಕಾದಷ್ಟೂ ಸಿಟ್ಟು ಬೆಳೆಯಿತು.

ಓಟಿನ ದಿನ ಬಾಗೇವಾಡಿಗೆ ಹೋಗುವ ಬಸ್ಸಿನಲ್ಲಿ ಇಂಡಿಯ ಉಳಿದಿಬ್ಬರು ಪ್ರತಿನಿಧಿಗಳು ನನ್ನ ಹಿಂದಿನ ಸೀಟಿನಲ್ಲಿದ್ದರು. ಒಬ್ಬರು ತಮಾಷೆಗೆ ಅಂದರು: "ಅಕ್ಕೋರದೇನ್ರಿ, ಅದು ಹೆಡ್‌ಮಾಸ್ತರ್ರ ಓಟ. ಅಕ್ಕೋರು ಪೆಟಗ್ಯಾಗ ಹಾಕಾಕ ಬಂದಾರ, ಅಷ್ಟ." ಇನ್ನೊಬ್ಬರು ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ನೆಟ್ಟಗೆ ಹೋಗಿ ಎದೆಗೆ ಚುಚ್ಚಿತು.

ಬಾಗೇವಾಡಿಯ ಶಾಲೆಯೊಂದರ ಕೋಣೆಯಲ್ಲಿ ಪರದೆ ಕಟ್ಟಿದ್ದರು. ಚೀಟಿಯ ಮೇಲೆ ಎರಡು ಹೆಸರು. ಎದುರಾಳಿಗೆ ಗುರುತು ಹಾಕಲು ನನಗೆ ಮನಸ್ಸಾಗಲಿಲ್ಲ. ನಮ್ಮವರ ಹೆಸರಿನ ಮುಂದೆ ಪೆನ್ಸಿಲು ಇಟ್ಟೆ, ಎತ್ತಿದೆ. ಈ ಓಟು ನನ್ನದು, ಯಾರೂ ಕೇಳದೆ ಇದ್ದರೆ ಯಾರಿಗೂ ಇಲ್ಲ ಎಂದುಕೊಂಡೆ. ಚೀಟಿಯನ್ನು ಖಾಲಿಯಾಗಿಯೇ ಮಡಚಿ ಪೆಟ್ಟಿಗೆಯಲ್ಲಿ ಹಾಕಿ ಹೊರಗೆ ಬಂದೆ. ಸಿಟ್ಟಿನ ಕೈಗೆ ಬುದ್ಧಿ ಕೊಡಬಾರದು ಎಂದು ನಾನೇ ಎಷ್ಟೋ ಹುಡುಗಿಯರಿಗೆ ಹೇಳಿದ್ದೆ. ಒಂದು ಓಟಿನಿಂದ ಏನಾದೀತು ಎಂಬ ಧೈರ್ಯವೂ ಇತ್ತು.

ಸಂಜೆ ಅಲ್ಲಿಯೇ ಎಣಿಸಿದರು. ನಮ್ಮವರಿಗೆ ಹನ್ನೊಂದು, ಖಾಲಿ ಒಂದು. ನಾಲ್ಕು ದಿನ ಬಿಟ್ಟು ಬೆಂಗಳೂರಿನಿಂದ ಸುದ್ದಿ ಬಂತು. ಇಡೀ ರಾಜ್ಯದ ಓಟು ಕೂಡಿಸಿದರೆ ಇಬ್ಬರಿಗೂ ಸಮಸಮ. ಹೆಸರು ಬರೆದು ಚೀಟಿ ಎತ್ತಿಸಿದರಂತೆ, ಎದ್ದದ್ದು ಎದುರಾಳಿಯ ಹೆಸರು.

ಸುದ್ದಿ ಕೇಳಿದಾಗ ನನ್ನ ಕೈಯಲ್ಲಿ ಸುಣ್ಣದಕಡ್ಡಿಯಿತ್ತು. ಹಲಗೆಯ ಕಡೆ ತಿರುಗಿ ಏನೋ ಬರೆಯುತ್ತ ನಿಂತೆ. ಮಕ್ಕಳ ಕಡೆ ಮುಖ ಮಾಡುವ ಧೈರ್ಯವಿರಲಿಲ್ಲ.

ಆ ಖಾಲಿ ಚೀಟಿ ಯಾರದು? ನಾಲ್ಕು ತಾಲೂಕಿನಲ್ಲೂ ಅದೇ ಮಾತು. ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ನನ್ನ ಓಟು ಹೆಡ್‌ಮಾಸ್ತರರದೇ ಅಲ್ಲವೆ! ಎಲ್ಲರ ಬೆರಳೂ ಸಿಂದಗಿಯ ಒಬ್ಬ ಮಾಸ್ತರರ ಕಡೆ ತಿರುಗಿತು. ಹಿಂದೊಮ್ಮೆ ಅವರಿಗೂ ನಮ್ಮ ಹೆಡ್‌ಮಾಸ್ತರರಿಗೂ ಆಟದ ಪಂದ್ಯದಲ್ಲಿ ಜಗಳವಾಗಿತ್ತು, ಅಷ್ಟು ಸಾಕಾಯಿತು. ಮೀಟಿಂಗಿಗೆ ಹೋದರೆ ಪಕ್ಕದಲ್ಲಿ ಯಾರೂ ಕೂಡಲೊಲ್ಲರು, ಚಹಾಕ್ಕೆ ಕರೆಯಲೊಲ್ಲರು. ನನಗೆ ಎಲ್ಲ ಗೊತ್ತಾಗುತ್ತಿತ್ತು. ಒಂದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದು ಆ ಖಾಲಿ ಚೀಟಿಗಿಂತ ದೊಡ್ಡ ಪಾಪ.

ಒಂದು ರವಿವಾರ ಬೆಳಿಗ್ಗೆ ಸಿಂದಗಿ ಮಾಸ್ತರರು ಹೊರ್ತಿಗೆ ಬಂದರು. ನಾನು ಹೆಡ್‌ಮಾಸ್ತರರ ಮನೆಯಲ್ಲೇ ಇದ್ದೆ, ಸರ್ಕಾರಕ್ಕೆ ಮತ್ತೊಂದು ಅರ್ಜಿ ಬರೆಸಲು ಕರೆದಿದ್ದರು. ಆ ಮನುಷ್ಯ ಕುಳಿತುಕೊಳ್ಳಲೂ ಇಲ್ಲ.

"ಗುರುಗಳ, ನಿಮ್ಮ ಮನಿದೇವರ ಭಂಡಾರ ತರಸ್ರಿ. ಮುಟ್ಟಿ ಹೇಳ್ತೇನಿ. ನಾ ನಿಮಗ ಹಾಕೇನಿ."

"ಬ್ಯಾಡ್ರಿ ಮಾಸ್ತರ. ಆಣಿ ಯಾಕ್ರಿ? ನಿಮ್ಮ ಮಾತ ಸಾಕು," ಎಂದರು ಹೆಡ್‌ಮಾಸ್ತರರು.

"ನಿಮಗ ಸಾಕು. ಊರಿಗಿ ಸಾಕಾಗವಲ್ದು."

ಹೆಡ್‌ಮಾಸ್ತರರ ಹೆಂಡತಿ ದೇವರ ಜಗುಲಿಯಿಂದ ಅರಿಷಿಣ ಭಂಡಾರದ ತಟ್ಟೆ ತಂದಿಟ್ಟರು. ಅದನ್ನು ಮುಟ್ಟಿ ಸುಳ್ಳು ಹೇಳಿದವರ ಮನೆ ಉಳಿಯುವುದಿಲ್ಲ ಎಂದು ನಮ್ಮಲ್ಲಿ ನಂಬುತ್ತಾರೆ. ಸುಳ್ಳು ಹೇಳದವನು ತನ್ನದಲ್ಲದ ತಪ್ಪಿಗೆ ಅದನ್ನು ಮುಟ್ಟಬೇಕಾಗಿ ಬಂದಿತ್ತು. ಸಿಂದಗಿ ಮಾಸ್ತರರು ಕೈ ಚಾಚಿದರು.

"ಮುಟ್ಟಬ್ಯಾಡ್ರಿ," ಎಂದೆ. "ಖಾಲಿ ಚೀಟಿ ನಂದು."

ಹೆಡ್‌ಮಾಸ್ತರರು ನನ್ನನ್ನು ನೋಡಿ, "ಯಾಕ್ರಿ ಅಕ್ಕೋರ?" ಎಂದರು.

"ನೀವು ನನ್ನ ಕೇಳಲಿಲ್ರಿ."

ಎಷ್ಟೋ ದಿನ ಹೊಟ್ಟೆಯೊಳಗೆ ಬೆಟ್ಟದಷ್ಟಿದ್ದ ಮಾತು ಹೊರಗೆ ಬಂದಾಗ ಇಷ್ಟೇ ಇಷ್ಟಿತ್ತು. ಬೈಯುತ್ತಾರೆ ಎಂದುಕೊಂಡೆ, ಬೈದರೆ ಎದುರಾಡಲು ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಅವರು ಎದ್ದುನಿಂತು, ವಯಸ್ಸಿನಲ್ಲಿ ಮಗಳಂತಿದ್ದ ನನಗೆ ಎರಡೂ ಕೈ ಮುಗಿದರು.

"ಖರೇ ಐತಿ. ಕೇಳಬೇಕಾಗಿತ್ತು. ನಮ್ಮ ಸಾಲ್ಯಾಕಿ, ಕೇಳೂದೇನು ಅಂತ ತಿಳದೆ. ನಂದ ತಪ್ಪು." ಆಮೇಲೆ ಅಂದರು: "ನಂದಿರ್ಲಿ ಬಿಡ್ರಿ. ಆ ಹುಡುಗೂರಿಗೆ ಏನ್ ಹೇಳೂಣು?"

ಸಿಂದಗಿ ಮಾಸ್ತರರು ಟೊಪ್ಪಿಗೆ ಹಾಕಿಕೊಂಡರು. ಬಾಗಿಲಲ್ಲಿ ನಿಂತು, "ಮೊದ್ಲ ಹೇಳಿದ್ರ ನಾ ಒಂದ ತಿಂಗಳ ನಿದ್ದಿ ಮಾಡತಿದ್ದೆ, ಅಕ್ಕೋರ," ಎಂದರು. ದನಿ ಏರಿಸಲಿಲ್ಲ.

ಮರುವಾರ ಶನಿವಾರ ಮುಂಜಾನೆಯ ಸಾಲಿ ಬೇಗ ಮುಗಿಸಿ ನಾನೊಬ್ಬಳೇ ಆ ಗುಡಿಸಾಲಿಯ ಹಳ್ಳಿಗೆ ಹೋದೆ. ಯಾಕೆ ಹೋದೆನೋ, ಮನೆಯಲ್ಲಿ ಕೂಡಲಾಗಲಿಲ್ಲ. ಪಾಠ ಇನ್ನೂ ನಡೆದಿತ್ತು. ಕಟ್ಟೆಯ ಮೇಲಿದ್ದ ಮಕ್ಕಳಲ್ಲಿ ಒಂದು ಹುಡುಗಿ ನನ್ನನ್ನು ನೋಡಿ ಎದ್ದುನಿಂತಳು. ಎಂಟೊಂಬತ್ತು ವರ್ಷ ಇದ್ದೀತು. ಹೆಡ್‌ಮಾಸ್ತರರು ಗೆದ್ದರೆ ಎಲ್ಲರೂ ಒಳಗೆ ಕೂಡುವ ಸಾಲಿ ಬರುತ್ತದೆಂದು ಅಲ್ಲಿಯ ಮಾಸ್ತರರು ಹೇಳಿದ್ದರಂತೆ.

"ದೊಡ್ಡ ಮಾಸ್ತರ್ರು ಆರಿಸಿ ಬಂದ್ರೇನ್ರಿ ಅಕ್ಕೋರ?"

"ಇಲ್ಲವಾ. ಸೋತ್ರು."

"ಮುಂದಿನ ಸಲ ನಿಂದರ್ತಾರೇನ್ರಿ?"

"ಇಲ್ಲ."

ಅವಳು ತಲೆಯಾಡಿಸಿದಳು. ಅಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಕಟ್ಟೆಯ ಮೇಲೆ ಕಂಬದ ನೆರಳು ಒಬ್ಬರು ಕೂಡುವಷ್ಟೇ ಬಿದ್ದಿತ್ತು, ಅವಳು ಕೂತಿದ್ದದ್ದು ಅದರಲ್ಲಿ. ತನ್ನ ಪಾಟಿ ಎತ್ತಿಕೊಂಡು ಬಿಸಿಲಿಗೆ ಸರಿದಳು.

"ಬಿಸಲಾಗ ನಿಂತೀರಿ. ಇಲ್ಲಿ ಕುಂಡ್ರಿ ಅಕ್ಕೋರ, ನೆಳ್ಳ ಐತಿ."

ಕೂತೆ. ಒಳಗೆ ಮಗ್ಗಿ ಶುರುವಾಯಿತು, ಅವಳು ಬಿಸಿಲಿನಲ್ಲಿ ನಿಂತುಕೊಂಡೇ ಹೇಳಿದಳು.