ಅವರೆಕಾಳು ಹಿದುಕುವ ಕೆಲಸ

ಮೊನ್ನೆ ನಮ್ಮೂರಿಗೆಂದು ಹತ್ತಿದ ಕುದೂರು ಬಸ್ಸಿನಲ್ಲಿ ಯಾರೋ ಒಂದು ಮೂಟೆ ಅವರೆಕಾಯಿಯನ್ನು ನನ್ನ ಕಾಲ ಮೇಲೇ ಇಟ್ಟರು. ಬೇರೆ ತರಕಾರಿಯಾಗಿದ್ದರೆ ಜಗಳವಾಡುತ್ತಿದ್ದೆನೇನೋ. ಆದರೆ ಅವರೆಯ ಸೊಗಡು ಮೂಗಿಗೆ ಬಡಿದ ಮೇಲೆ ನಮ್ಮ ಕಡೆಯವರು ಜಗಳಕ್ಕೆ ನಿಲ್ಲುವುದಿಲ್ಲ. ಕಾಲು ಜೋಮು ಹಿಡಿದರೂ ಸುಮ್ಮನೆ ಕೂತೆ. ನನ್ನ ಚೀಲದಲ್ಲೂ ಅವರೆಯೇ ಇತ್ತು: ಸಿಪ್ಪೆ ತೆಗೆದು, ಪ್ಯಾಕೆಟ್ಟಿಗೆ ಹಾಕಿ, ಮಾಗಡಿಯಲ್ಲಿ ಮಾರುವ ಬೇಳೆ.

ನಾನು ಕನ್ನಡ ಮೇಷ್ಟ್ರು. ಅವರೆಕಾಯಿಯೋ ಅವರೇಕಾಯಿಯೋ, ಹಿದುಕಿದ ಬೇಳೆಯೋ ಹಿತಕಿದ ಬೇಳೆಯೋ ಎಂದು ಅಂಗಡಿಯ ಬೋರ್ಡುಗಳನ್ನೆಲ್ಲ ಮನಸ್ಸಿನಲ್ಲೇ ತಿದ್ದಿಕೊಂಡು ನಡೆಯುವುದು ನನ್ನ ಚಾಳಿ. ಒಮ್ಮೆ ಅವ್ವನಿಗೂ ಇದನ್ನು ಬೋಧಿಸಲು ಹೋದೆ.

"ಎಂಗ್ ಬರುದ್ರೂ ಮುದ್ದೆ ಜೊತೆಗೇ ಅಲ್ವೇನ್ಲಾ ಉಣ್ಣಾದು?" ಎಂದಳು.

ಅಲ್ಲಿಗೆ ನನ್ನ ಪಾಠ ಮುಗಿಯಿತು. ಅವಳ ಪಾಠ ಬೇರೆ. ಸಿಪ್ಪೆಯಿದ್ದರೆ ಉಪ್ಪಿಟ್ಟಿಗೆ, ಅಕ್ಕಿರೊಟ್ಟಿಗೆ. ಸಿಪ್ಪೆ ಬಿಟ್ಟರೆ ಸಾರಿಗೆ. ನೆಂಟರು ಬಂದರೆ ಅದೇ ಸಾರಿಗೆ ಮಟನ್ನೂ ಬೀಳುತ್ತದೆ. ನೆಂಟರು ಬರಲಿ ಎಂದು ನಾನು ಹಾರೈಸುವುದು ಅವರೆಯ ಕಾಲದಲ್ಲಿ ಮಾತ್ರ.

ಸಿಪ್ಪೆ ಬಿಡಿಸುವುದೇ ದೊಡ್ಡ ರಗಳೆ, ನಿಮಗೂ ಗೊತ್ತಿರಬಹುದು. ಕಾಳು ನೆನೆಹಾಕಿ, ಒಂದೊಂದನ್ನೇ ಎರಡು ಬೆರಳಲ್ಲಿ ಹಿದುಕಬೇಕು. ಬೇಳೆ ಚಿಮ್ಮಿ ಪಾತ್ರೆಗೂ ಬೀಳಬಹುದು, ಎದುರಿಗೆ ಕೂತವರ ಮುಖಕ್ಕೂ ಬೀಳಬಹುದು. ಒಬ್ಬರ ಕೈಲಾಗುವ ಕೆಲಸವಲ್ಲ. ಅದಕ್ಕೇ ನಮ್ಮೂರಲ್ಲಿ ಯಾರ ಮನೆಯಲ್ಲಿ ಕಾಳು ನೆನೆದಿದೆಯೋ ಅವರ ಮನೆಗೆ ಅಕ್ಕಪಕ್ಕದ ಹೆಂಗಸರು ಹೋಗಿ ಕೂರುತ್ತಾರೆ. ಎಂಥ ಹಗೆಯಿದ್ದರೂ ಕರೆದರೆ ಬರಲೇಬೇಕು.

ನಮ್ಮ ಮನೆಯಲ್ಲಿ ಹಗೆಗೆ ಕೊರತೆಯಿಲ್ಲ. ಪಕ್ಕದ ಮನೆಯಲ್ಲಿರುವ ಚಿಕ್ಕವ್ವ, ಅಂದರೆ ಚಿಕ್ಕಪ್ಪನ ಹೆಂಡತಿ, ಅವ್ವನೊಂದಿಗೆ ಮಾತಾಡುವುದಿಲ್ಲ. ಭಾಗವಾದಾಗ ಒರಳುಕಲ್ಲು ಯಾರಿಗೆ ಎಂದು ಮಾತು ಬೆಳೆದು, ಕೊನೆಗೆ ಮಾತೇ ನಿಂತುಹೋಯಿತು. ಈಗ ಇಬ್ಬರಿಗೂ ಮಿಕ್ಸಿ ಬಂದಿದೆ; ಒರಳಿನಲ್ಲಿ ನಿಂತ ನೀರನ್ನು ಎರಡೂ ಮನೆಯ ಕೋಳಿಗಳು ಒಟ್ಟಿಗೆ ಕುಡಿಯುತ್ತವೆ. ಅವರೆ ಕಾಲದಲ್ಲಿ ಮಾತ್ರ ಇವರಿಬ್ಬರೂ ಒಂದೇ ಬೇಸಿನ್ನಿನ ಮುಂದೆ ಕೂತು ನನ್ನ ಮೂಲಕ ಮಾತಾಡುತ್ತಾರೆ.

"ನಿಮ್ಮ ಚಿಕ್ಕವ್ವಂಗೆ ಕಾಪಿ ಬೇಕಾ ಕೇಳ್ಲಾ."

ಎರಡು ಮೊಳ ದೂರದಲ್ಲಿ ಕೂತ ಚಿಕ್ಕವ್ವ ನನ್ನನ್ನೇ ನೋಡಿ, "ಸಕ್ರೆ ಒಸಿ ಕಮ್ಮಿ ಹಾಕ್ಲಿ ಅನ್ನಪ್ಪ" ಎನ್ನುತ್ತಾಳೆ.

ತಲೆ ನರೆತ ಮೇಲೂ ಈ ರಾಯಭಾರ ನನಗೆ ತಪ್ಪಿಲ್ಲ. ಈ ವರ್ಷ ಅವ್ವನ ಬೆರಳು ನೋಯುತ್ತಿದೆ, ಪಾಪ ಎಂದುಕೊಂಡೇ ಆ ಪ್ಯಾಕೆಟ್ ತಂದಿದ್ದೆ. ಶ್ರವಣಕುಮಾರನ ಗತ್ತಿನಲ್ಲಿ ಅವಳ ಮುಂದಿಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಎಲ್ಲಾನೂ ಅಂಗ್ಡಿಯವ್ರೇ ಇದುಕಿ ಕೊಟ್ಬುಟ್ಟವ್ರೆ. ಇನ್ನು ನಿಮ್ಮ ಚಿಕ್ಕವ್ವನ್ನ ಏನಂತ ಕರೀಲಿ ನಾನು?"

ಇವರಿಬ್ಬರ ಜಗಳ ಹೇಳಿ ಸ್ಟಾಫ್ ರೂಮಿನಲ್ಲಿ ಎಷ್ಟು ನಗಿಸಿದ್ದೇನೋ! ಅವ್ವ ವರ್ಷವಿಡೀ ಈ ನೆಪಕ್ಕೆ ಕಾಯುತ್ತಾಳೆಂದು ನನಗೆ ಹೊಳೆದೇ ಇರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಕುದೂರಿಗೆ ಹೋಗಿ ಹೊರಲಾರದಷ್ಟು ಕಾಯಿ ತಂದೆ. ಸುಲಿದ ಕಾಳು ರಾತ್ರಿಯೆಲ್ಲ ನೆನೆದ ಮೇಲೆ, ಅವ್ವ ನನ್ನ ಕೈಲೇ ಹೇಳಿಕಳಿಸಿದಳು; ಚಿಕ್ಕವ್ವ ಬಂದು ಕೂತಳು. ಬೆರಳು ನೋವಿನ ಅವ್ವ ನಿಧಾನವಾಗಿ ಹಿದುಕಿದಳು. ಬೆರಳು ನೆಟ್ಟಗಿದ್ದ ಚಿಕ್ಕವ್ವ ಅವಳಿಗಿಂತ ನಿಧಾನವಾಗಿ ಹಿದುಕಿದಳು. ಆದರೂ ಸಂಜೆಗೆ ಕಾಳು ಮುಗಿದೇಹೋಯಿತು. ಚಿಕ್ಕವ್ವ ಎದ್ದಳು. ಅವ್ವ ನನ್ನ ಕಡೆ ತಿರುಗಿದಳು. ಏನು ಮುಟ್ಟಿಸಬೇಕೋ ಎಂದು ನಾನು ಸಿದ್ಧನಾದೆ. ಆದರೆ ಅವಳ ನೋಟ ನನ್ನನ್ನು ದಾಟಿ ಬಾಗಿಲಿಗೆ ಹೋಯಿತು.

"ಇನ್ನೂ ಒಂದ್ ಸೇರು ನೆನೆಯಾಕಿವ್ನಿ. ನಾಳೀಕೂ ಬಾ."

ಚಿಕ್ಕವ್ವ ಹೊಸಲಲ್ಲೇ ನಿಂತಳು. ಸೆರಗಿಗೆ ಕೈ ಒರೆಸಿಕೊಂಡಳು; ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. ಆಮೇಲೆ ನನ್ನನ್ನು ನೋಡಿ ಹೇಳಿದಳು:

"ಬತ್ತೀನಿ ಅನ್ನಪ್ಪ, ನಿಮ್ಮವ್ವಂಗೆ."