ನಲ್ಲಿಯವರೆಗಿನ ಸಮುದ್ರ

ಲತೀಫ್ ಮಿಸ್ತ್ರಿ ಸಮುದ್ರವನ್ನು ನೋಡಿರಲಿಲ್ಲ. ಈ ಸಂಗತಿ ಆತನ ಗಿರಾಕಿಗಳಿಗೆ ಗೊತ್ತಿರಲಿಲ್ಲ. ಗಲ್ಲಿಯವರಿಗೆ ಗೊತ್ತಿತ್ತು, ಆದರೆ ಅವರೂ ನೋಡಿದವರಲ್ಲವಾದ್ದರಿಂದ ಯಾರೂ ಅದನ್ನು ಒಂದು ಕೊರತೆಯೆಂದು ಎಣಿಸಲಿಲ್ಲ. ಹಲಸೂರು ಕೆರೆಯನ್ನು ಎಲ್ಲರೂ ನೋಡಿದ್ದರು. ಸಮುದ್ರವೆಂದರೆ ಅದೇ, ಸ್ವಲ್ಪ ಉಪ್ಪು ಜಾಸ್ತಿ ಎಂಬುದು ಗಲ್ಲಿಯ ತೀರ್ಮಾನ.

ರಸೆಲ್ ಮಾರ್ಕೆಟ್ಟಿನ ಹಿಂಭಾಗದ ಆ ಗಲ್ಲಿಯಲ್ಲಿ ಲತೀಫನ ತಂದೆ ದಂಡಿನ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದರು. ಲತೀಫನೂ ಹೊಲಿಯುತ್ತಿದ್ದ. ಆಮೇಲೆ ದಂಡಿನವರು ಕುದುರೆ ಬಿಟ್ಟು ಲಾರಿ ಹತ್ತಿದರು. ಲಾರಿಗೆ ಜೀನು ಬೇಡ. ಆ ಹೊತ್ತಿಗೆ ಒಬ್ಬ ದೊರೆ ಮೀನು ಹಿಡಿಯುವ ಗಾಳದ ದಾರ ಸುತ್ತುವ ದೊಡ್ಡ ರೀಲೊಂದನ್ನು ತಂದು, ಇದರ ಬ್ರೇಕು ಕಚ್ಚುತ್ತಿಲ್ಲ ಎಂದ. ಬಿಚ್ಚಿ ನೋಡಿದರೆ ಒಳಗೆ ತೊಗಲಿನ ಬಿಲ್ಲೆಗಳು, ಒಣಗಿ ಹಪ್ಪಳವಾಗಿದ್ದವು. ಲತೀಫ್ ಜೀನಿನ ತೊಗಲಿನಲ್ಲೇ ಹೊಸ ಬಿಲ್ಲೆ ಕತ್ತರಿಸಿ, ಎಣ್ಣೆ ಕುಡಿಸಿ ಹಾಕಿಕೊಟ್ಟ. ಬ್ರೇಕು ರೇಷ್ಮೆಯಂತೆ ಕಚ್ಚಿತು. ಒಂದು ತಿಂಗಳೊಳಗೆ ಅಂಗಡಿಯ ಮೇಲಿನ ಬೋರ್ಡಿನಲ್ಲಿ ಕುದುರೆಯ ಚಿತ್ರ ಹೋಗಿ ಮೀನಿನ ಚಿತ್ರ ಬಂತು. ಬರೆದವನೂ ದೊಡ್ಡ ಮೀನು ಕಂಡವನಲ್ಲ. ಮೀನಿಗೆ ಕುದುರೆಯ ಕಣ್ಣು ಉಳಿದುಬಿಟ್ಟಿತ್ತು.

ಕಡಲಿನ ದೊಡ್ಡ ಮೀನು ಗಾಳ ಕಚ್ಚಿ ಓಡಿದಾಗ ದಾರವನ್ನು ಒಮ್ಮೆಗೇ ತಡೆದರೆ ದಾರ ಹರಿಯುತ್ತದೆ. ಸುಮ್ಮನೆ ಬಿಟ್ಟರೆ ಮೀನು ಊರು ಬಿಡುತ್ತದೆ. ಹಿಡಿದುಕೊಂಡೇ ಬಿಡಬೇಕು, ಬಿಡುತ್ತಲೇ ದಣಿಸಬೇಕು. ಅದಕ್ಕೇ ರೀಲಿನ ಹಿಡಿಕೆಯ ಬುಡದಲ್ಲಿ ನಕ್ಷತ್ರದಂಥ ಒಂದು ತಿರುಪು ಇರುತ್ತದೆ. ತಿರುಗಿಸಿದಷ್ಟೂ ಬ್ರೇಕು ಬಿಗಿ. ಲತೀಫ್ ಅದನ್ನು ತಾರಾ ಎನ್ನುತ್ತಿದ್ದ. ದಾರ ಎಷ್ಟು ಭಾರಕ್ಕೆ ಹರಿಯುತ್ತದೋ ಅದರಲ್ಲಿ ಮೂರನೇ ಒಂದು ಪಾಲಿಗೆ ತಾರಾ ನಿಲ್ಲಿಸಬೇಕೆಂದು ಮೊದಲ ದೊರೆ ಹೇಳಿದ್ದ. ಆಮೇಲಾಮೇಲೆ ಅದನ್ನು ತಾನೇ ಕಂಡುಹಿಡಿದಂತೆ ಲತೀಫ್ ಹೇಳತೊಡಗಿದ. ಮೊದಲ ದೊರೆ ವರ್ಗವಾಗಿ ಹೋಗಿದ್ದರಿಂದ ತಕರಾರು ಬರಲಿಲ್ಲ.

ಪರೀಕ್ಷೆ ಮಾತ್ರ ಲತೀಫನ ಸ್ವಂತದ್ದು. ಹಲಸೂರಿನ ಜಟಕಾ ಮುನಿಶಾಮಿ ತನ್ನ ಗಾಡಿಯ ಹಿಂಬದಿಗೆ ದಾರದ ತುದಿ ಕಟ್ಟಿಕೊಳ್ಳುವನು. ಲತೀಫ್ ಸೊಂಟಕ್ಕೂ ಹೆಗಲಿಗೂ ತೊಗಲಿನ ಪಟ್ಟಾ ಬಿಗಿದುಕೊಂಡು, ಅದಕ್ಕೆ ಗಾಳದ ಕೋಲು ಸಿಕ್ಕಿಸಿಕೊಂಡು, ಗಲ್ಲಿಯ ಬಾಯಲ್ಲಿ ನಿಲ್ಲುವನು. 'ಚಲ್' ಎಂದರೆ ಕುದುರೆ ಓಡುವುದು. ರೀಲು ಕಿರ್ರನೆ ಹಾಡುವುದು. ಗಲ್ಲಿಯ ಕೊನೆಗೆ ಬೀದಿ ನಲ್ಲಿ. ಅಲ್ಲಿ ಬಿಂದಿಗೆ ಹಿಡಿದ ಹೆಂಗಸರ ಸಾಲು. ಕುದುರೆ ತಾನಾಗಿಯೇ ನಿಲ್ಲುವುದು. ಪರೀಕ್ಷೆ ಮುಗಿಯಿತು. ದಾರ ಹರಿಯದೆ, ಲತೀಫ್ ಬೀಳದೆ ಇದ್ದರೆ ಬ್ರೇಕು ಪಾಸು. ಪಾಸಾದ ತಾರಾದ ಮೇಲೆ ಆತ ಕೆಂಪು ಅರಗು ಕಾಯಿಸಿ ಬಿಟ್ಟು, ಹೆಬ್ಬೆರಳು ಒತ್ತುತ್ತಿದ್ದ. ಆ ಅರಗಿಗೆ ತಿರುಪನ್ನು ಹಿಡಿದಿಡುವ ಶಕ್ತಿಯೇನೂ ಇರಲಿಲ್ಲ. ಹೆಬ್ಬೆರಳಿನ ಗುರುತಿಗೆ ಇತ್ತು. ಲತೀಫ್ ಇಟ್ಟದ್ದನ್ನು ಇನ್ನೊಬ್ಬರು ಮುಟ್ಟಕೂಡದು ಎಂಬುದು ದಂಡಿನಲ್ಲೆಲ್ಲ ಪ್ರಸಿದ್ಧವಾಗಿತ್ತು. ಕನಿಷ್ಠ ಲತೀಫ್ ಹಾಗೆ ಹೇಳುತ್ತಿದ್ದ.

ಯುದ್ಧ ಮುಗಿದ ಮರುವರ್ಷ. ದೊರೆಗಳು ಗಂಟುಮೂಟೆ ಕಟ್ಟುವ ಮಾತು ಶುರುವಾಗಿತ್ತು. ಕಾಕ್ಸ್ ಟೌನಿನ ಮೇಜರ್ ವಿಟ್ಕಮ್ ಎಂಬಾತನಿಗೆ, ಈ ದೇಶ ಬಿಡುವ ಮೊದಲು ತನಗಿಂತ ಭಾರದ ಮೀನೊಂದನ್ನು ಹಿಡಿಯಬೇಕೆಂಬ ಹಟ ಹುಟ್ಟಿತು. ಅದು ಸಣ್ಣ ಆಸೆಯೇನಲ್ಲ. ಮೇಜರ್ ಜಟಕಾ ಹತ್ತಿದರೆ ಮುನಿಶಾಮಿಯ ಕುದುರೆ ಹಿಂದಿರುಗಿ ನೋಡುತ್ತಿತ್ತು. ಕಲ್ಲಿಕೋಟೆಯ ಕಡಲಿನಲ್ಲಿ ಸ್ನೇಹಿತನ ಮೋಟಾರು ದೋಣಿ ಇತ್ತು. ರೀಲು ಲತೀಫನ ಬಳಿ ಬಂತು. ದಾರ ಹರಿದು ತನ್ನ ಹೆಸರು ಕೆಡಬಾರದೆಂದು ಲತೀಫ್ ಸಿಕ್ಕಿದ್ದರಲ್ಲೇ ಅತಿ ದಪ್ಪನೆಯ ದಾರವನ್ನು ಸುತ್ತಿಸಿದ. ಅದಕ್ಕೆ ಗಂಡಾಳೊಬ್ಬನನ್ನು ನೇತುಹಾಕಬಹುದಿತ್ತು. ಪಟ್ಟಾವನ್ನೂ ತಾನೇ ಜೋಡಿ ಹೊಲಿಗೆ ಹಾಕಿ ಕೊಟ್ಟ.

ಮೇಜರನ ಜೊತೆ ಹೊರಟವನು ಅವನ ಬಟ್ಲರ್ ಶಫಿ. ಲತೀಫನ ಹೆಂಡತಿ ಬಿಲ್ಕೀಸಳ ಒಬ್ಬನೇ ತಮ್ಮ. ತಾಯಿಯಿಲ್ಲದ ಅವನನ್ನು ಬಿಲ್ಕೀಸಳೇ ಬೆಳೆಸಿದ್ದಳು. ಎಷ್ಟು ಉಣಿಸಿದರೂ ಮೈ ಹತ್ತಿರಲಿಲ್ಲ. ದೋಣಿಯಲ್ಲಿ ಮೀನು ಕಚ್ಚುವವರೆಗೆ ಗಂಟೆಗಟ್ಟಲೆ ಕೋಲು ಹಿಡಿದು ಕೂರುವುದು ದೊರೆಯ ಕೆಲಸವಲ್ಲ. ಅದು ಶಫಿಯ ಕೆಲಸ. ಹಿಂದೊಮ್ಮೆ ಮೀನು ಕೋಲು ಸಮೇತ ಕಿತ್ತುಕೊಂಡು ಹೋಗಿದ್ದರಿಂದ, ಹಿಡಿದವನ ಮೈಗೆ ಕೋಲನ್ನು ಪಟ್ಟಾದಿಂದ ಕಟ್ಟಿಯೇ ಇರಬೇಕೆಂದು ಮೇಜರನ ಹುಕುಂ. ಹೊರಡುವಾಗ ಲತೀಫ್ ಭಾಮೈದನಿಗೆ ತಾರಾ ತೋರಿಸಿ, ಇದನ್ನು ಮುಟ್ಟಬೇಡ, ಅರಗು ಹಾಕಿದ್ದೇನೆ ಎಂದು ಎರಡೆರಡು ಸಲ ಹೇಳಿದ. ಸಂಜೆಯ ರೈಲಿಗೆ ಅವರು ಹೋದರು.

ಮಾರನೆಯ ದಿನ ಇನ್ನೊಬ್ಬ ಗಿರಾಕಿಯ ರೀಲಿಗೆ ಪರೀಕ್ಷೆ. ಅಂದು ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ನೀರಿಲ್ಲದ್ದರಿಂದ ಹೆಂಗಸರಿರಲಿಲ್ಲ, ಹೆಂಗಸರಿಲ್ಲದ್ದರಿಂದ ಕುದುರೆಗೆ ನಿಲ್ಲಲು ಕಾರಣವಿರಲಿಲ್ಲ. ಮೇಲಾಗಿ ದಂಡಿನ ಲಾರಿಯೊಂದು ಢಮಾರೆಂದು ಹೊಗೆ ಬಿಟ್ಟಿತು. ಕುದುರೆ ಬೆದರಿ ದೊಡ್ಡ ರಸ್ತೆಗೆ ಬಿತ್ತು. ಮುನಿಶಾಮಿ ಲಗಾಮು ಎಳೆಯುತ್ತ ಅದರ ವಂಶವನ್ನೆಲ್ಲ ಕರೆದ. ಇತ್ತ ದಾರ ಹೋಗುತ್ತಲೇ ಇತ್ತು. ಮೊದಲು ಕಿರ್ರನೆ ಹಾಡುತ್ತಿದ್ದ ರೀಲು ಬರಬರುತ್ತ ನರಳತೊಡಗಿತು. ತಾರಾವನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಬ್ರೇಕು ತಾನಾಗಿ ಬಿಗಿಯುತ್ತಿತ್ತು. ಲತೀಫ್ ಮೊದಲು ವಾಲಿದ, ಆಮೇಲೆ ಮಂಡಿಯೂರಿದ, ಆಮೇಲೆ ಬೋರಲು ಬಿದ್ದು, ಒಣಗಿದ ನಲ್ಲಿಯವರೆಗೆ ಗಲ್ಲಿಯನ್ನು ಎದೆಯಲ್ಲಿ ಗುಡಿಸಿಕೊಂಡು ಹೋದ. ದಾರ ಸಾಧಾರಣದ್ದಾದ್ದರಿಂದ ಅಲ್ಲಿ ಪಟ್ಟೆಂದು ಹರಿಯಿತು.

ಮುನಿಶಾಮಿ ಓಡಿಬಂದಾಗ ಲತೀಫ್ ಏಳದೆ ರೀಲನ್ನೇ ನೋಡುತ್ತಿದ್ದ. ತೆಂಗಿನಕಾಯಿಯಷ್ಟು ದಪ್ಪವಿದ್ದ ದಾರದ ಉರುಳೆ, ದಾರ ಖಾಲಿಯಾಗಿ, ಕದಿರಿನಷ್ಟಾಗಿತ್ತು.

"ಏನಾಯ್ತು ಸಾಬ್ರೇ, ಮೂಳೆಗೀಳೆ ಮುರೀತಾ?"

ಲತೀಫ್ ಎದ್ದು ಅಂಗಡಿಗೆ ನಡೆದು, ಅದರ ಬಾಗಿಲನ್ನು ಮೊದಲು ಚಿಲಕದ ಬಳಿ ಬೆರಳಿನಿಂದ ತಳ್ಳಿದ. ಅದು ಸಲೀಸಾಗಿ ತಿರುಗಿತು. ಆಮೇಲೆ ಕೀಲಿನ ಪಕ್ಕದಲ್ಲಿ ತಳ್ಳಿದ. ಅಲುಗಲಿಲ್ಲ, ಹೆಗಲು ಕೊಡಬೇಕಾಯಿತು. ಬಾಗಿಲೂ ಅದೇ, ಕೀಲೂ ಅದೇ. ಉರುಳೆ ದಪ್ಪವಿದ್ದಾಗ ದಾರ ಎಳೆಯುವುದು ಚಿಲಕದ ಬಳಿ ತಳ್ಳಿದಂತೆ. ದಾರ ಖಾಲಿಯಾಗಿ ಉರುಳೆ ಸಣ್ಣದಾದಾಗ ಕೀಲಿನ ಬಳಿ ತಳ್ಳಿದಂತೆ. ಮೂರನೇ ಒಂದು ಪಾಲಿಗೆ ಇಟ್ಟ ಬ್ರೇಕು ದಾರದ ಕೊನೆಯಲ್ಲಿ ಮೂರು ಪಾಲೂ ಆಗಿಬಿಡುತ್ತದೆ. ಇಷ್ಟು ವರ್ಷ ಅದು ಕಾಣಲಿಲ್ಲ, ಯಾಕೆಂದರೆ ಗಲ್ಲಿ ನಲ್ಲಿಯ ಬಳಿ ಮುಗಿಯುತ್ತಿತ್ತು.

ಬೇರೆ ದೊರೆಗಳ ತೆಳ್ಳನೆಯ ದಾರಗಳು ಕಡಲಿನಲ್ಲಿ ಹರಿದು ಹೋಗಿದ್ದಿರಬೇಕು, ಅವರು ಮೀನನ್ನು ಬೈದುಕೊಂಡಿರಬೇಕು. ಮೇಜರನ ದಾರ ಹರಿಯುವುದಿಲ್ಲ. ಪಟ್ಟಾದ ಹೊಲಿಗೆ ಬಿಡುವುದಿಲ್ಲ. ತಾರಾವನ್ನು ಮುಟ್ಟುವವರಿಲ್ಲ. ನಡುವೆ ಉಳಿದದ್ದು ಶಫಿ.

ಇಬ್ಬರೂ ತಂತಿ ಕಚೇರಿಗೆ ಓಡಿದರು. ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, ಸಾವೋ ಹೆರಿಗೆಯೋ ಎಂದು ಕೇಳಿದ. ಇನ್ನೂ ಏನೂ ಆಗಿಲ್ಲ ಎಂದ ಲತೀಫ್.

"ಆಗದೇ ಇರೋದಕ್ಕೆ ತಂತಿ ಯಾಕ್ರೀ?"

ಲತೀಫ್ ಹೇಳಿದ ಮೊದಲ ಒಕ್ಕಣೆಯಲ್ಲಿ, ಕಡಲಿನ ಹವಾಮಾನವನ್ನು ಮತ್ತೆ ವಿಚಾರ ಮಾಡಲಾಗಿ ತಾರಾವನ್ನು ಸ್ವಲ್ಪ ಸಡಿಲಿಸುವುದು ಉಚಿತವೆಂದು ತೋರುತ್ತದೆ ಎಂಬ ಧಾಟಿ ಇತ್ತು. ಎದೆಯ ಮೇಲಿನ ಅಂಗಿ ಚಿಂದಿಯಾಗಿ ರಕ್ತ ಒಸರುತ್ತಿದ್ದರೂ ಮಿಸ್ತ್ರಿಯ ಮರ್ಯಾದೆಗೆ ಗಾಯವಾಗಿರಲಿಲ್ಲ. ಮುನಿಶಾಮಿ ತಡೆಯಲಾರದೆ ಅಡ್ಡ ಬಾಯಿ ಹಾಕಿದ: "ಸಾಬ್ರೇ, ನಮ್ದು ತಪ್ಪಾಯ್ತು ಅಂತ ಹೇಳಿ. ಇಲ್ದಿದ್ರೆ ಆ ದೊರೆ ಹವಾಮಾನ ನೋಡ್ಕೊಂಡು ಕೂತಿರ್ತಾನೆ." ಲತೀಫ್ ಗುಮಾಸ್ತನಿಗೆ ಬರೆದದ್ದನ್ನು ಹೊಡೆದುಹಾಕಲು ಹೇಳಿದ. ಕೊನೆಗೆ ಮೇಜರನಿಗೆ ಹೋದ ತಂತಿ ಇಷ್ಟೇ: ತಾರಾ ಸಡಿಲಿಸಿ, ನನ್ನ ತಪ್ಪು, ಹಿಡಿದವನ ಜೀವಕ್ಕೆ ಅಪಾಯ.

ಮನೆಯಲ್ಲಿ ಬಿಲ್ಕೀಸಳಿಗೆ ಹೇಳಲೇಬೇಕಾಯಿತು. ಅವಳು ಅಳಲಿಲ್ಲ, ಕೂಗಲಿಲ್ಲ. ಒಲೆಯ ಮೇಲಿನ ಪಾತ್ರೆ ಇಳಿಸಿ, ಗಂಡನ ಎದೆಗೆ ಅರಿಸಿನ ಮೆತ್ತಿ, ಬೇರೆ ಅಂಗಿ ಕೈಗೆ ಕೊಟ್ಟಳು.

"ತಂತಿ ಮೇಲೆ ಭಾರ ಹಾಕ್ಬೇಡಿ. ನೀವೇ ಹೋಗಿ. ಬೆರಳಿನ ಗುರುತು ನಿಮ್ದು."

ಜೋಲಾರಪೇಟೆಯಲ್ಲಿ ರೈಲು ಬದಲಿಸಿ ಲತೀಫ್ ಕಲ್ಲಿಕೋಟೆ ಸೇರಿದ. ಕೇಳಿಕೊಂಡು ಕೇಳಿಕೊಂಡು ದೋಣಿಗಳ ಜಾಗಕ್ಕೆ ಬಂದ. ಅಲ್ಲಿ ಸಮುದ್ರವಿತ್ತು.

ಅಭ್ಯಾಸಬಲದಿಂದ ಕಣ್ಣು ಮೊದಲು ಅದರ ಕೊನೆಯನ್ನು ಹುಡುಕಿತು. ಹಲಸೂರು ಕೆರೆಗೆ ಆಚೆ ದಡವಿದೆ, ಗಲ್ಲಿಗೆ ನಲ್ಲಿಯಿದೆ. ಇಲ್ಲಿ ಕುದುರೆಯೊಂದು ಓಡತೊಡಗಿದರೆ ಯಾವ ಬಿಂದಿಗೆಗೆ ನಿಲ್ಲಬೇಕು? ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು, ಬಿಸಿಲಿನಲ್ಲಿ ನಿಂತು ತಲೆಯಾಡಿಸುತ್ತಿದ್ದ ಈ ಪರದೇಶಿಯನ್ನು ನೋಡಿ ಏನೋ ಕೇಳಿದಳು. ಅವಳ ಮಲಯಾಳ ಲತೀಫನಿಗೆ ತಿಳಿಯಲಿಲ್ಲ. ಮೇಜರನ ದೋಣಿ ಬೆಳಿಗ್ಗೆಯೇ ಹೋಗಿದೆ ಎಂದು ಗೊತ್ತಾದ ಮೇಲೆ ಆತ ಮರಳಿನ ಮೇಲೆ ಕೂತ. ಕಣ್ಣು ಕಿರಿದು ಮಾಡಿ ನೋಡಿದ ಚುಕ್ಕಿಗಳೆಲ್ಲ ಬೇರೆಯವರ ದೋಣಿಗಳಾದವು.

ಮಧ್ಯಾಹ್ನ ಇಳಿದ ಮೇಲೆ ಮೋಟಾರು ದೋಣಿ ಬಂತು. ಮುಂದೆ ಮೇಜರ್ ನಿಂತಿದ್ದ. ಬೇರೆ ಯಾರೂ ನಿಂತಿರಲಿಲ್ಲ. ಲತೀಫ್ ಮೊಣಕಾಲುದ್ದ ನೀರಿಗೆ ಇಳಿದ. ಮೇಜರ್ ಅವನನ್ನು ಗುರುತಿಸಿ ಕೈ ಕುಲುಕಿ, ದಂಡಿನ ಹಿಂದೂಸ್ತಾನಿಯಲ್ಲಿ, ಶಾಭಾಸ್ ಎಂದ. ಎಂಥ ಬ್ರೇಕು! ಒಂದು ಕೂದಲಿನಷ್ಟೂ ಜಾರಲಿಲ್ಲ. ತಂತಿ ಬೆಳಿಗ್ಗೆ ಚಹಾದ ಜೊತೆ ಬಂತಂತೆ. ಅಂಗಡಿಯವರಿಗೆ ಕೊನೆ ಗಳಿಗೆಯಲ್ಲಿ ಧೈರ್ಯ ಕುಸಿಯುವುದು ಸಹಜ ಎಂದು ನಕ್ಕು ಜೇಬಿಗೆ ಹಾಕಿಕೊಂಡನಂತೆ. ಅರಗು ಇತ್ತಲ್ಲ, ಇನ್ನೇನು ಬೇಕು? ಮೀನು ಸಿಗಲಿಲ್ಲ ಎಂಬುದೊಂದೇ ದುಃಖ. ದೋಣಿಯವನು ಹೆದರಿ ದಾರ ಕತ್ತರಿಸಿಬಿಟ್ಟ, ಮೂರ್ಖ.

ಶಫಿ ದೋಣಿಯ ತಳದಲ್ಲಿ ಒದ್ದೆ ಚೀಲದ ಮೇಲೆ ಮಲಗಿದ್ದ. ಉಸಿರಿತ್ತು. ಬಲಗೈ ಮೈಗೆ ಸಂಬಂಧವಿಲ್ಲದ್ದರಂತೆ ಪಕ್ಕಕ್ಕೆ ಬಿದ್ದಿತ್ತು. ಹೆಗಲಿನ ಕೀಲು ತಪ್ಪಿತ್ತು. ದೊರೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ಮೀನು ಕಚ್ಚಿತ್ತು. ದಾರ ಇರುವವರೆಗೆ ಶಫಿ ತಡೆದಿದ್ದ. ಅದು ಮುಗಿಯುತ್ತ ಬಂದಂತೆ ಮೀನಿನ ಎಳೆತಕ್ಕೆ ಕೂತಲ್ಲಿಂದ ಎದ್ದು, ದೋಣಿಯ ಅಂಚಿಗೆ ಬಡಿದು, ಅರ್ಧ ಮೈ ನೀರಿಗೆ ಹೋಗಿತ್ತು. ದೋಣಿಯವನು ಒಂದು ಕೈಯಲ್ಲಿ ಅವನ ಕಾಲು ಹಿಡಿದು ಇನ್ನೊಂದು ಕೈಯಲ್ಲಿ ಚಾಕು ಹುಡುಕಿದ್ದ.

"ಹೊಲಿಗೆ ಒಂದೂ ಬಿಡ್ಲಿಲ್ಲ, ದೂಲಾಭಾಯ್," ಎಂದ ಶಫಿ, ನಗಲು ಹೋಗಿ ನೋವಿಗೆ ಹಲ್ಲು ಕಚ್ಚುತ್ತ. ಅಕ್ಕನ ಗಂಡನನ್ನು ಅವನು ಮೊದಲಿಂದ ಕರೆಯುತ್ತಿದ್ದದ್ದು ಹಾಗೆ.

ಲತೀಫ್ ಪಟ್ಟಾದ ಬಕ್ಕಲು ಬಿಚ್ಚಲು ಹೋದ. ನೀರು ಕುಡಿದು ಉಬ್ಬಿದ ತೊಗಲು ಬಿಡಲಿಲ್ಲ. ತನ್ನದೇ ಹೊಲಿಗೆಯನ್ನು ದೋಣಿಯವನ ಚಾಕುವಿನಿಂದ ಕುಯ್ದ. ತಾರಾ ಕೈಗೆ ಎಟುಕಲಿಲ್ಲವೇನೋ ಎಂದು ಮೆಲ್ಲಗೆ ಕೇಳಿದ. ಹಾಗೆ ಆಗಿದ್ದಿರಲಿ ಎಂಬ ಆಸೆ ಆ ಪ್ರಶ್ನೆಯಲ್ಲಿತ್ತು.

"ಎಟುಕ್ತಿತ್ತು. ಒಂದು ಸುತ್ತು ಬಿಟ್ಟಿದ್ರೆ ಆಗ್ತಿತ್ತು. ನಿಮ್ ಅರಗು ಇತ್ತಲ್ಲ."

ಮೇಜರ್ ಹಿಂದಿನಿಂದ, ಇಂಥ ಬ್ರೇಕಿಗೆ ತಾನೊಂದು ಸರ್ಟಿಫಿಕೇಟು ಬರೆದುಕೊಡುತ್ತೇನೆ ಎಂದು ಹೇಳುತ್ತಿದ್ದ. ಲತೀಫ್ ಎದ್ದು ರೀಲಿನ ಅರಗನ್ನು ಉಗುರಿನಿಂದ ಕಿತ್ತು ನೀರಿಗೆ ಎಸೆದು, ತಾರಾವನ್ನು ಪೂರ್ತಿ ಸಡಿಲಿಸಿದ. ತಪ್ಪು ನನ್ನದು ಸಾಹೇಬ್, ಗಲ್ಲಿಯಲ್ಲಿ ಅಳೆದೆ ಎಂದ. ಮೇಜರ್ ಅದನ್ನು ಮಿಸ್ತ್ರಿಗಳ ವಿನಯವೆಂದುಕೊಂಡು ಬೆನ್ನು ತಟ್ಟಿದ.

ಕೀಲು ಕೂರಿಸಿದರು. ಆದರೆ ಶಫಿಯ ಬಲಗೈ ಆಮೇಲೆ ಹೆಗಲಿಗಿಂತ ಮೇಲೆ ಏಳಲಿಲ್ಲ. ತಟ್ಟೆ ಎತ್ತಿ ಹಿಡಿಯಲಾರದ ಬಟ್ಲರ್ ದೊರೆಗಳಿಗೆ ಬೇಡ. ದೊರೆಗಳೂ ಬಹಳ ದಿನ ಉಳಿಯಲಿಲ್ಲ. ಅವನು ಭಾವನ ಅಂಗಡಿಯಲ್ಲೇ ಕೂತ. ಮನೆಯ ಹೊಸ್ತಿಲಲ್ಲಿ ಲತೀಫ್ ನಡೆದದ್ದನ್ನೆಲ್ಲ ಹೇಳಿದಾಗ, ದೋಣಿ ಅಲುಗಿತು, ನಾನೇ ಜಾರಿದೆ ಎಂದು ಶಫಿ ಸುಳ್ಳು ಸೇರಿಸಲು ನೋಡಿದ. ಬಿಲ್ಕೀಸ್ ಇಬ್ಬರ ಮಾತನ್ನೂ ಕೇಳಿ, ತಮ್ಮನಿಗೆ ತುತ್ತು ಮಾಡಿ ಉಣಿಸಿದಳು. ಗಂಡನಿಗೆ ತಟ್ಟೆ ಇಟ್ಟಳು, ಮಾತಾಡಲಿಲ್ಲ. ಮಾತಾಡಲು ಎಷ್ಟು ದಿನ ಹಿಡಿಯಿತೆಂದು ಗಲ್ಲಿಯಲ್ಲಿ ಬೇರೆ ಬೇರೆ ಲೆಕ್ಕವಿದೆ.

ಆಮೇಲೆ ಬಂದ ಕೆಲವೇ ರೀಲುಗಳ ದಾರವನ್ನೆಲ್ಲ ಲತೀಫ್ ಮೊದಲು ಬಿಚ್ಚಿ, ಗಲ್ಲಿಯ ಕಿಟಕಿ ಕಿಟಕಿಗೆ ಸುತ್ತಿ, ಖಾಲಿ ಉರುಳೆಯ ಮೇಲೆ ಬ್ರೇಕು ನೋಡುತ್ತಿದ್ದ. ಹೆಂಗಸರು ಅದರ ಮೇಲೆ ಬಟ್ಟೆ ಒಣಗಹಾಕುತ್ತಿದ್ದರು. ಮುನಿಶಾಮಿ, ಸಾಬ್ರ ಸಮುದ್ರದಲ್ಲಿ ಇವತ್ತು ಯಾರ ಸೀರೆ ಈಜ್ತಾ ಇದೆ ಎಂದು ಕೇಳಿಕೊಂಡು ಹೋಗುತ್ತಿದ್ದ. ಲತೀಫ್ ಸಿಟ್ಟಾಗುತ್ತಿರಲಿಲ್ಲ.

ಒಬ್ಬ ಗಿರಾಕಿ, ಕೆ.ಆರ್. ಪುರದ ಕಡೆಯ ಶ್ರೀಮಂತ, ಅರಗು ಎಲ್ಲಿ, ಅರಗಿಲ್ಲದ ರೀಲು ನನಗೆ ಬೇಡ ಎಂದು ಪಟ್ಟು ಹಿಡಿದ. ಅರಗು ಮುಗಿದುಹೋಗಿದೆ ಎಂದ ಲತೀಫ್. ಅದು ನಿಜವೇ. ಉಳಿದಿದ್ದ ಕಡ್ಡಿಯನ್ನು ಬಿಲ್ಕೀಸ್ ಕರಗಿಸಿ, ಅಲಗು ಸಡಿಲವಾದ ಈಳಿಗೆಗೆ ತುಂಬಿದ್ದಳು. ಗಿರಾಕಿ, ಹಾಗಾದರೆ ತಾರಾವನ್ನಾದರೂ ಇನ್ನೊಂದು ಸುತ್ತು ಬಿಗಿ ಮಾಡು ಎಂದ. ಲತೀಫ್ ರೀಲನ್ನು ಕೆಳಗಿಟ್ಟ.

"ದೋಣೀಲಿ ಕೋಲು ಹಿಡಿಯೋರು ಯಾರು, ನೀವಾ?"

ಆಳು ಇದ್ದಾನೆ ಎಂದ ಆತ. ಹಾಗಾದರೆ ಅವನನ್ನು ಕರೆದುಕೊಂಡು ಬನ್ನಿ, ತೂಕ ನೋಡಬೇಕು ಎಂದು ಲತೀಫ್ ಹೇಳಿದ. ಮೂಲೆಯಲ್ಲಿ ಕೂತಿದ್ದ ಶಫಿ, ಎಡಗೈಯಿಂದ ತೊಗಲಿನ ಬಿಲ್ಲೆಗಳಿಗೆ ಎಣ್ಣೆ ಸವರುತ್ತ, ತಲೆಯೆತ್ತಲಿಲ್ಲ.